ಅಳುವಿಗೂ ಹೆಜ್ಜೆ ಬೇಕು

1599ರಲ್ಲಿ ಲಂಡನ್ನಿನಲ್ಲಿ ಎರಡು ಸಂಗೀತ ಪುಸ್ತಕಗಳು ಅಚ್ಚಾದವು. ಒಂದು ಆಂಟನಿ ಹೋಲ್‌ಬೋರ್ನ್ ಎಂಬವನದು. ಐದು ವಾದ್ಯಗಳು ಕೂಡಿ ನುಡಿಸುವ 65 ಪುಟ್ಟ ರಚನೆಗಳು ಅದರಲ್ಲಿವೆ. ಬಹುಪಾಲು ಕುಣಿತದ ಧಾಟಿಗಳು. ಇನ್ನೊಂದು, ಥಾಮಸ್ ಮೋರ್ಲಿ ಹಲವರ ರಚನೆಗಳನ್ನು ಕೂಡಿಸಿ ಆರು ವಾದ್ಯಗಳ ಮೇಳಕ್ಕೆ ಹೊಂದಿಸಿದ ಸಂಕಲನ. ಅದೇ 1599ರಲ್ಲಿ ವಿಜಯಪುರದ ಪಶ್ಚಿಮಕ್ಕೆ, ತೊರವಿಯ ಹತ್ತಿರ, ಎರಡನೇ ಇಬ್ರಾಹಿಂ ಆದಿಲ್ ಶಾಹ ನವರಸಪುರ ಎಂಬ ಹೊಸ ಊರು ಕಟ್ಟಿಸಲು ಕೈಹಾಕಿದ. ಹಾಡು ಕಟ್ಟುವ, ತಂಬೂರ ನುಡಿಸುವ ಸುಲ್ತಾನ ಅವನು. ಸಂಗೀತಕ್ಕಾಗಿಯೇ ಒಂದು ಊರಿರಲಿ ಎಂಬುದು ಅವನ ಆಸೆ.

ಈ ಮೂವರಲ್ಲಿ ಲಂಡನ್ನಿನವರಿಗೆ ವಿಜಯಪುರದ ಹಾಡು ಕೇಳಿಸಿರಲಿಲ್ಲ, ಸುಲ್ತಾನನಿಗೆ ಲಂಡನ್ನಿನ ಕುಣಿತ ಕಂಡಿರಲಿಲ್ಲ. ಅವರು ಇವರಿಂದ ಕಲಿತರು, ಇವರು ಅವರಿಂದ ಎತ್ತಿಕೊಂಡರು ಎಂಬ ಕಥೆ ಹೇಳಲು ನಾನು ಹೊರಟಿಲ್ಲ. ನಾನು ಕನ್ನಡ ಸಂಶೋಧನಾ ವಿದ್ಯಾರ್ಥಿ. ದೇವರ ಹಿಪ್ಪರಗಿಯನ್ನು ನಡುವೆ ಇಟ್ಟುಕೊಂಡು ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆಯ ಮೊಹರಂ ಪದಗಳನ್ನೂ ಹೆಜ್ಜೆ ಕುಣಿತವನ್ನೂ ಅಭ್ಯಾಸ ಮಾಡುತ್ತಿದ್ದೇನೆ. ಆ ಕೆಲಸದಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಯಿತು. ಅಳುವ ಹಾಡಿಗೆ ಜನ ಕುಣಿಯುವುದು ಯಾಕೆ? ಈ ಪ್ರಶ್ನೆಯನ್ನು ಹಿಡಿದುಕೊಂಡೇ ನಾನು ಜಾನ್ ಡೌಲೆಂಡ್ ಎಂಬ ಇಂಗ್ಲಿಷ್ ವಾದಕನ ಪುಸ್ತಕಕ್ಕೆ ಬಂದೆ. 1604ರಲ್ಲಿ ಅಚ್ಚಾದ ಅದರ ಹೆಸರು ‘ಲಾಕ್ರಿಮೆ’. ಲ್ಯಾಟಿನ್ನಿನಲ್ಲಿ ಹಾಗೆಂದರೆ ಕಣ್ಣೀರು. ಅದರ ಮೊದಲ ಏಳು ರಚನೆಗಳು ಏಳು ಬಗೆಯ ಕಣ್ಣೀರು. ಏಳೂ ಕುಣಿತದ ಸಂಗೀತ.

ಕುಣಿತಕ್ಕೆಂದು ಹುಟ್ಟಿದ ಸಂಗೀತವನ್ನು ಮುಂದೆ ಜನ ಕುಳಿತು ಕೇಳತೊಡಗಿದರೂ ಅದು ಕಾಲಿನ ಲೆಕ್ಕವನ್ನು ಬಿಡುವುದಿಲ್ಲ. ಆ ಲೆಕ್ಕವೇ ದುಃಖವನ್ನು ಹೊರುವ ಹಾಗೆ ಮಾಡುತ್ತದೆ. ಇದು ಈ ಲೇಖನದ ಮೂಲ ಮಾತು. ಇದನ್ನು ಒಪ್ಪಿದರೆ ನಮ್ಮ ಸೀಮೆಯ ಹಲಗಿ, ಸನಾದಿಗಳ ಬಗ್ಗೆ ನಾವು ಬರೆಯುವ ರೀತಿಯೂ ಬದಲಾಗಬೇಕಾಗುತ್ತದೆ.

*

ಮೊದಲು ಆ ಕುಣಿತಗಳ ಪರಿಚಯ. ಪವಾನ್ ಎಂಬುದು ನಿಧಾನ ನಡೆಯದು. ಜೋಡಿಗಳು ಸಾಲಾಗಿ, ಮೆರವಣಿಗೆಯ ಗತ್ತಿನಲ್ಲಿ, ಎರಡರ ಲೆಕ್ಕದಲ್ಲಿ ಹೆಜ್ಜೆ ಇಡುತ್ತವೆ. ಗ್ಯಾಲಿಯಾರ್ಡ್ ಚುರುಕಿನದು, ಮೂರರ ಲೆಕ್ಕದ್ದು. ಆರು ಮಾತ್ರೆಗಳನ್ನು ಎಣಿಸಿ: ಮೊದಲ ನಾಲ್ಕಕ್ಕೆ ಒಂದೊಂದು ಕಾಲು ಮುಂದಕ್ಕೆ ಚಿಮ್ಮಬೇಕು, ಐದಕ್ಕೆ ಜಿಗಿಯಬೇಕು, ಆರಕ್ಕೆ ನೆಲಕ್ಕೆ ಇಳಿದು ನಿಲ್ಲಬೇಕು. ರಾಣಿ ಎಲಿಜಬೆತ್ ತನ್ನ 56ನೇ ವಯಸ್ಸಿನಲ್ಲಿ ಬೆಳಗಿನ ವ್ಯಾಯಾಮವೆಂದು ಆರೇಳು ಗ್ಯಾಲಿಯಾರ್ಡ್ ಕುಣಿಯುತ್ತಿದ್ದಳೆಂದು ಆಸ್ಥಾನದವನೊಬ್ಬ 1589ರಲ್ಲಿ ಕಾಗದ ಬರೆದಿದ್ದಾನೆ. ಪವಾನ್ ಆದ ಮೇಲೆ ಗ್ಯಾಲಿಯಾರ್ಡ್ ಬರುವುದು ವಾಡಿಕೆ. ಮೊದಲು ನಡಿಗೆ, ಆಮೇಲೆ ಜಿಗಿತ. ಆಲ್ಮೇನ್ ಎಂಬ ಮೂರನೆಯ ಬಗೆ ಇವೆರಡರ ನಡುವಿನದು.

ಮೋರ್ಲಿ 1597ರಲ್ಲಿ ಸಂಗೀತ ಕಲಿಸುವ ಪುಸ್ತಕವೊಂದನ್ನು ಬರೆದ. ಗುರು ಶಿಷ್ಯರ ಮಾತುಕತೆಯ ರೂಪದಲ್ಲಿರುವ ಆ ಪುಸ್ತಕದಲ್ಲಿ ಪವಾನ್ ಹೇಗೆ ಕಟ್ಟಬೇಕೆಂಬ ವಿವರ ಇದೆ. ಸಾಮಾನ್ಯವಾಗಿ ಮೂರು ಭಾಗ, ಪ್ರತಿ ಭಾಗವನ್ನೂ ಎರಡು ಸಲ ನುಡಿಸಬೇಕು. ಒಂದು ಭಾಗದಲ್ಲಿ ಎಂಟೋ, ಹನ್ನೆರಡೋ, ಹದಿನಾರೋ ಅಳತೆಗಳು. ಎಷ್ಟು ಬೇಕಾದರೂ ಹಾಕು, ಆದರೆ ನಾಲ್ಕು ನಾಲ್ಕಾಗಿ ಹಾಕು ಎಂಬುದು ಅವನ ಬುದ್ಧಿವಾದದ ಸಾರ. ಕಾರಣ ಸರಳ. ಕುಣಿಯುವವನ ಹೆಜ್ಜೆ ನಾಲ್ಕಕ್ಕೆ ಮುಗಿಯುತ್ತದೆ. ಸಂಗೀತ ಐದಕ್ಕೆ ಮುಗಿದರೆ ಅವನು ಕಾಲೆತ್ತಿಕೊಂಡು ನಿಲ್ಲಬೇಕಾಗುತ್ತದೆ.

ಈ ಅಳತೆಯೊಳಗೇ ಹೋಲ್‌ಬೋರ್ನ್ ಎಷ್ಟು ಆಟ ಆಡುತ್ತಾನೆ ಎಂಬುದಕ್ಕೆ ಅವನ ‘ಫೇರಿ ರೌಂಡ್’ ಕೇಳಬೇಕು. ಒಂದೂಕಾಲು ನಿಮಿಷದ ರಚನೆ. ಆರು ಮಾತ್ರೆಗಳನ್ನು ಒಮ್ಮೆ ಮೂರು ಮೂರರ ಎರಡು ಗುಂಪಾಗಿ ಎಣಿಸುತ್ತಾನೆ, ಮರುಕ್ಷಣ ಎರಡು ಎರಡರ ಮೂರು ಗುಂಪಾಗಿ. ಮಾತ್ರೆ ಅಷ್ಟೇ, ಪೆಟ್ಟು ಬೀಳುವ ಜಾಗ ಬೇರೆ. ನಿಮ್ಮ ತೊಡೆಯ ಮೇಲೆ ಕೈಯಲ್ಲಿ ತಟ್ಟಿ ನೋಡಿ: ಒಂದು-ಎರಡು-ಮೂರು, ಒಂದು-ಎರಡು-ಮೂರು, ಆಮೇಲೆ ಒಂದು-ಎರಡು, ಒಂದು-ಎರಡು, ಒಂದು-ಎರಡು. ಕರಡಿ ಮಜಲಿನ ಮೇಳ ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸನಾದಿಯವನು ಒಂದೇ ಧಾಟಿಯನ್ನು ಹಿಡಿದು ಹೋಗುತ್ತಿರುವಾಗ ಕರಡಿ ಬಾರಿಸುವವನು ಅದರ ಕೆಳಗಿನ ನಡೆ ಬದಲಿಸುತ್ತಾನೆ. ಮೆರವಣಿಗೆಯಲ್ಲಿ ಬರುತ್ತಿದ್ದವರ ಕಾಲು ತಾನಾಗಿಯೇ ತಿರುಗುತ್ತದೆ. ಮಜಲು ಎಂದರೆ ನಮ್ಮಲ್ಲಿ ದಾರಿಯ ಒಂದು ಹಂತ. ನಡೆಯುವವರ ಸಂಗೀತಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಗುವುದು ಕಷ್ಟ.

*

ಈಗ ಡೌಲೆಂಡ್. ಹುಟ್ಟಿದ್ದು 1563ರಲ್ಲಿ, ತೀರಿಕೊಂಡದ್ದು 1626ರಲ್ಲಿ. ಲ್ಯೂಟ್ ಎಂಬ ಮೀಟುವ ತಂತಿವಾದ್ಯದಲ್ಲಿ ಅವನ ಕಾಲದಲ್ಲಿ ಅವನಷ್ಟು ಹೆಸರಾದವರು ಕಡಿಮೆ. ಆದರೂ 1594ರಲ್ಲಿ ಇಂಗ್ಲೆಂಡಿನ ಆಸ್ಥಾನದಲ್ಲಿ ತೆರವಾದ ಲ್ಯೂಟ್ ವಾದಕನ ಕೆಲಸ ಅವನಿಗೆ ಸಿಗಲಿಲ್ಲ. ಜರ್ಮನಿ, ಇಟಲಿ ತಿರುಗಿ, 1598ರಲ್ಲಿ ಡೆನ್ಮಾರ್ಕಿನ ದೊರೆ ನಾಲ್ಕನೇ ಕ್ರಿಶ್ಚಿಯನ್‌ನ ಸೇವೆಗೆ ಸೇರಿದ. ‘ಲಾಕ್ರಿಮೆ’ ಅಚ್ಚಾದಾಗಲೂ ಅವನು ಆ ದೊರೆಯ ಸಂಬಳದಲ್ಲೇ ಇದ್ದ. ಪುಸ್ತಕವನ್ನು ಅರ್ಪಿಸಿದ್ದು ಇಂಗ್ಲೆಂಡಿನ ರಾಣಿ ಆನ್‌ಗೆ. ಆಕೆ ಆ ಡೆನ್ಮಾರ್ಕಿನ ದೊರೆಯ ಅಕ್ಕ. ಕಣ್ಣೀರು ದುಃಖದ ಸ್ವತ್ತು ಮಾತ್ರವಲ್ಲ, ಸಂತೋಷಕ್ಕೂ ಬರುತ್ತದೆ ಎಂಬರ್ಥದ ಮಾತನ್ನು ಅರ್ಪಣೆಯಲ್ಲಿ ಹೇಳುತ್ತಾನೆ.

ಏಳು ಪವಾನ್‌ಗಳೂ ಒಂದೇ ರೀತಿ ಶುರುವಾಗುತ್ತವೆ: ಮೇಲಿನಿಂದ ಕೆಳಕ್ಕೆ ಇಳಿಯುವ ನಾಲ್ಕು ಸ್ವರ. ಕೊನೆಯ ಸ್ವರವನ್ನು ಷಡ್ಜ ಎಂದಿಟ್ಟುಕೊಂಡರೆ ಅದು ಮಧ್ಯಮ, ಕೋಮಲ ಗಾಂಧಾರ, ಕೋಮಲ ರಿಷಭ, ಷಡ್ಜ. ಹಿಂದುಸ್ತಾನಿ ಕೇಳುವವರ ಕಿವಿಗೆ ತಕ್ಷಣ ಭೈರವಿಯ ನೆನಪಾಗುತ್ತದೆ. ಇದು ರಾಗವಲ್ಲ, ಮುಂದಿನ ಸಾಲಿಗೇ ಆ ಸಂಗೀತ ಬೇರೆ ದಾರಿ ಹಿಡಿಯುತ್ತದೆ, ಐದು ವಯಲ್‌ಗಳೂ ಲ್ಯೂಟೂ ಸೇರಿ ಒಂದರ ಮೇಲೊಂದು ಎಳೆ ಹೆಣೆಯುತ್ತವೆ. ಆದರೆ ಆ ಇಳಿಕೆ, ಕಣ್ಣಿಂದ ಕೆನ್ನೆಗೆ ಒಂದು ಹನಿ ಜಾರುವ ಹಾಗಿನದು, ಏಳು ಸಲ ಬರುತ್ತದೆ. ಪ್ರತಿ ಸಲವೂ ಆರಂಭ ಅದೇ, ತಲುಪುವ ಜಾಗ ಬೇರೆ. ಒಂದು ಕಣ್ಣೀರಿಗೆ ನರಳುವ ಕಣ್ಣೀರು ಎಂದು ಹೆಸರು, ಇನ್ನೊಂದಕ್ಕೆ ಒತ್ತಾಯದ ಕಣ್ಣೀರು, ಮತ್ತೊಂದಕ್ಕೆ ಪ್ರೇಮಿಯ ಕಣ್ಣೀರು, ಕೊನೆಯದಕ್ಕೆ ನಿಜವಾದ ಕಣ್ಣೀರು.

ನನಗೆ ಮುಖ್ಯವೆನಿಸಿದ್ದು ಆ ಎಳೆಗಳ ಕೆಳಗೆ ಇರುವ ಲೆಕ್ಕ. ಮೇಲಿನ ಎಳೆ ತನ್ನ ಸ್ವರವನ್ನು ಬಿಡಲಾರದೆ ಹಿಡಿದುಕೊಂಡಿರುತ್ತದೆ. ಕೆಳಗಿನ ಎಳೆ ಆಗಲೇ ಮುಂದಿನ ಹೆಜ್ಜೆಗೆ ಹೋಗಿಬಿಟ್ಟಿರುತ್ತದೆ. ಎರಡರ ನಡುವಿನ ಆ ಘರ್ಷಣೆಯೇ ನಮಗೆ ನೋವಾಗಿ ಕೇಳಿಸುವುದು. ಹೆಜ್ಜೆ ಹೊತ್ತಿಗೆ ಸರಿಯಾಗಿ ಬೀಳದಿದ್ದರೆ ಮೇಲಿನ ಸ್ವರ ತಡವಾಯಿತೆಂದು ಗೊತ್ತಾಗುವುದಾದರೂ ಹೇಗೆ? ಅಂದರೆ ಈ ಸಂಗೀತದ ದುಃಖ ಅದರ ಕುಣಿತದಿಂದಲೇ ಹುಟ್ಟುತ್ತದೆ. ಕುಣಿತದ ಅಳತೆಯನ್ನು ತೆಗೆದರೆ ಉಳಿಯುವುದು ಉದ್ದನೆಯ ನಿಟ್ಟುಸಿರು ಮಾತ್ರ.

ಪುಸ್ತಕದ ಜೋಡಣೆಯೂ ಇದನ್ನೇ ಹೇಳುತ್ತದೆ. ಒಟ್ಟು 21 ರಚನೆಗಳು. ಏಳು ಕಣ್ಣೀರಿನ ಪವಾನ್‌ಗಳು, ಆಮೇಲೆ ಇನ್ನೂ ಮೂರು ಪವಾನ್‌ಗಳು, ಆಮೇಲೆ ಒಂಬತ್ತು ಗ್ಯಾಲಿಯಾರ್ಡ್‌ಗಳು, ಕೊನೆಗೆ ಎರಡು ಆಲ್ಮೇನ್‌ಗಳು. ಅಳುವಿನಿಂದ ಜಿಗಿತಕ್ಕೆ ಹೋಗುವ ದಾರಿ ಇದು. ಆ ಮೂರು ಪವಾನ್‌ಗಳಲ್ಲಿ ಒಂದರ ಹೆಸರೇ ಸರ್ ಹೆನ್ರಿ ಉಂಪ್ಟನ್‌ನ ಶವಸಂಸ್ಕಾರ. 1596ರಲ್ಲಿ ತೀರಿಕೊಂಡ ರಾಯಭಾರಿಯೊಬ್ಬನ ನೆನಪಿನದು. ಆತನ ಹೆಂಡತಿ ಬರೆಸಿದ ಚಿತ್ರವೊಂದು ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. ಒಂದೇ ಹಲಗೆಯ ಮೇಲೆ ಆತನ ಹುಟ್ಟು, ಓದು, ಪ್ರಯಾಣ, ಮನೆಯ ಔತಣ, ಆ ಔತಣದಲ್ಲಿ ಮೇಜಿನ ಸುತ್ತ ಕೂತು ನುಡಿಸುವ ಆರು ವಾದ್ಯಗಾರರು, ವೇಷ ಹಾಕಿ ಬರುವ ಕುಣಿತದವರು, ಆಮೇಲೆ ಕಪ್ಪು ಬಟ್ಟೆಯ ಶವಯಾತ್ರೆ. ಕುಣಿತದ ಸಾಲೂ ಶವಯಾತ್ರೆಯ ಸಾಲೂ ಒಂದೇ ಚಿತ್ರದಲ್ಲಿವೆ. ಗ್ಯಾಲಿಯಾರ್ಡ್‌ಗಳಲ್ಲಿ ಒಂದಕ್ಕೆ ಎಸೆಕ್ಸ್‌ನ ಅರ್ಲ್‌ನ ಹೆಸರಿದೆ. ರಾಜದ್ರೋಹಕ್ಕೆಂದು ಆತನ ತಲೆ ಕಡಿದದ್ದು 1601ರಲ್ಲಿ. ತಲೆ ಕಳೆದುಕೊಂಡವನ ಹೆಸರು ಮೂರು ವರ್ಷದ ಮೇಲೆ ಜಿಗಿಯುವ ಕುಣಿತದ ಮೇಲೆ ಕೂತಿತು.

*

ಪಾಶ್ಚಾತ್ಯ ಸಂಗೀತದ ಚರಿತ್ರೆ ಬರೆದವರಲ್ಲಿ ಹಲವರು ಈ ರಚನೆಗಳನ್ನು ಹೊಗಳುವ ಬಗೆ ಒಂದಿದೆ. ಇವು ಹೆಸರಿಗೆ ಕುಣಿತ, ನಿಜದಲ್ಲಿ ಕುಣಿತವನ್ನು ಮೀರಿದ ಶುದ್ಧ ಸಂಗೀತ ಎನ್ನುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ‘ಲಾಕ್ರಿಮೆ’ಯ ಪುಟಗಳನ್ನು ಅಚ್ಚು ಮಾಡಿದ ರೀತಿ ನೋಡಿದರೆ ಸಾಕು: ಒಂದೇ ತೆರೆದ ಪುಸ್ತಕದಲ್ಲಿ ಒಬ್ಬೊಬ್ಬ ವಾದಕನ ಭಾಗ ಒಂದೊಂದು ದಿಕ್ಕಿಗೆ ತಿರುಗಿದೆ. ಪುಸ್ತಕವನ್ನು ಮೇಜಿನ ನಡುವೆ ಇಟ್ಟು ಸುತ್ತ ಕೂತು ನುಡಿಸಲಿ ಎಂದು. ಕುಣಿಯುವವರಿಗೆ ಅಲ್ಲಿ ಜಾಗವಿಲ್ಲ. ಇದು ನುಡಿಸುವವರು ತಮಗಾಗಿ ನುಡಿಸಿಕೊಳ್ಳುವ ಸಂಗೀತ.

ನನ್ನ ತಕರಾರು ಇರುವುದು ಮೀರಿದ ಎಂಬ ಪದದ ಬಗ್ಗೆ. ಅದರೊಳಗೆ ಒಂದು ಏಣಿ ಇದೆ. ಕೆಳಗಿನ ಮೆಟ್ಟಿಲಲ್ಲಿ ಕಾಲು, ಮೇಲಿನದರಲ್ಲಿ ಕಿವಿ. ಕೆಳಗೆ ಬಯಲು, ಮೇಲೆ ಕೋಣೆ. ಮೇಲಿನ ಮೆಟ್ಟಿಲಿಗೆ ಏರಿದ್ದಷ್ಟೇ ಕಲೆ, ಕೆಳಗೆ ಉಳಿದದ್ದು ಬಳಕೆಯ ವಸ್ತು. ಈ ಏಣಿ ನಮ್ಮಲ್ಲೂ ಇದೆ. ಸನಾದಿ ಸಭಾಂಗಣದ ವೇದಿಕೆ ಹತ್ತಿ ಶಹನಾಯಿ ಎಂಬ ಹೆಸರು ಪಡೆದ ಮೇಲೆ ಅದು ಸಂಗೀತ. ಮದುವೆ ಹಂದರದ ಹೊರಗೆ ನಿಂತಿರುವಷ್ಟು ಹೊತ್ತು ಅದು ಬಾಜಾ.

1977ರಲ್ಲಿ ಬಾಹ್ಯಾಕಾಶಕ್ಕೆ ಹೋದ ವಾಯೇಜರ್ ನೌಕೆಗಳ ಚಿನ್ನದ ತಟ್ಟೆಯಲ್ಲಿ ಭೂಮಿಯ ಸಂಗೀತದ ಮಾದರಿಗಳಿವೆ. ಮೇಲೆ ಹೇಳಿದ ‘ಫೇರಿ ರೌಂಡ್’ ಅಲ್ಲಿದೆ, ಡೇವಿಡ್ ಮನ್ರೋ ಮತ್ತು ಸಂಗಡಿಗರು ನುಡಿಸಿದ್ದು. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ ಇದೆ. ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನಸೂರರ ಜೈಪುರ-ಅತ್ರೌಲಿ ಘರಾಣೆಯೇ ಆಕೆಯದೂ. ಸೆನೆಗಲ್‌ನ ಡೋಲುಗಳೂ ಅಲ್ಲೇ ಇವೆ. ಆ ಆಯ್ಕೆಯ ಬಗ್ಗೆ ಬೇರೆ ಆಕ್ಷೇಪಗಳನ್ನು ಎತ್ತಬಹುದು. ಕುಣಿತದ ಧಾಟಿ, ಖಯಾಲಿನ ಗಾಯಕಿಯ ದನಿ, ಡೋಲು ಮೂರೂ ಒಂದೇ ತಟ್ಟೆಯ ಮೇಲೆ ಒಂದೇ ಗೆರೆಯಲ್ಲಿ ಸುತ್ತುತ್ತವೆ ಎಂಬುದು ಮಾತ್ರ ನನಗೆ ಇಷ್ಟವಾದ ಸಂಗತಿ. ಅಲ್ಲಿ ಏಣಿ ಇಲ್ಲ.

*

ನಮ್ಮ ಕಡೆಯ ಮೊಹರಂ ನೋಡದವರಿಗಾಗಿ ನಾಲ್ಕು ಮಾತು. ಕ್ರಿ.ಶ. 680ರಲ್ಲಿ ಕರ್ಬಲಾದ ಬಯಲಿನಲ್ಲಿ ಹುತಾತ್ಮರಾದ ಹುಸೇನರ ನೆನಪಿನ ದಿನಗಳಿವು. ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಇದು ಮುಸ್ಲಿಮರ ಹಬ್ಬ ಮಾತ್ರ ಅಲ್ಲ. ಹರಕೆ ಹೊತ್ತವರಲ್ಲಿ, ಫಕೀರರಾಗುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಮಸೂತಿಯ ಮುಂದೆ ಅಲಾವಿಯ ಕುಣಿ ತೋಡಿ ಬೆಂಕಿ ಹಾಕುತ್ತಾರೆ. ಅದರ ಸುತ್ತ ಗಂಡಸರು ವರ್ತುಲ ಕಟ್ಟಿ ಹೆಜ್ಜೆ ಹಾಕುತ್ತಾರೆ. ಹಲಗಿ ಬಡಿಯುತ್ತಿರುತ್ತದೆ. ಒಬ್ಬ ಪದ ಎತ್ತುತ್ತಾನೆ, ಉಳಿದವರು ಹಿಡಿಯುತ್ತಾರೆ. ಪದದ ವಸ್ತು ಕರ್ಬಲಾದ ಬಾಯಾರಿಕೆ, ರಣರಂಗದಲ್ಲೇ ನಡೆದ ಕಾಸೀಮನ ಮದುವೆ, ಮರುಗಳಿಗೆಯ ಅವನ ಸಾವು. ಮದುವೆಯ ಕುಣಿತವೂ ಸಾವಿನ ಅಳುವೂ ಕಥೆಯೊಳಗೇ ಒಂದಾಗಿವೆ.

ಈ ಹೆಜ್ಜೆಗಳನ್ನು ನಾನು ಹಲವು ಊರುಗಳಲ್ಲಿ ನಿಂತು ನೋಡಿ ಬರೆದುಕೊಂಡಿದ್ದೇನೆ. ಪದ ದುಃಖದ ತುದಿಗೆ ಬಂದಾಗ ಹಾಡುವವನು ಸಾಲಿನ ಕೊನೆಯ ಅಕ್ಷರವನ್ನು ಎಳೆಯುತ್ತಾನೆ. ಎಳೆತ ಎಷ್ಟೇ ಉದ್ದವಾಗಲಿ, ಹಲಗಿ ಕಾಯುವುದಿಲ್ಲ. ವರ್ತುಲದ ಕಾಲುಗಳು ಹಲಗಿಯ ಜೊತೆ ಮುಂದೆ ಹೋಗುತ್ತವೆ, ದನಿ ಹಿಂದೆ ಉಳಿಯುತ್ತದೆ, ಆಮೇಲೆ ಓಡಿ ಬಂದು ಕೂಡಿಕೊಳ್ಳುತ್ತದೆ. ಡೌಲೆಂಡ್‌ನ ಮೇಲಿನ ಎಳೆ ಕೆಳಗಿನದರಿಂದ ತಡವಾಗುವುದನ್ನು ಕೇಳಿದಾಗ ನನಗೆ ಮೊದಲು ನೆನಪಾದದ್ದು ಇದೇ. ಎರಡು ಕಡೆಯೂ ತಂತ್ರ ಒಂದೇ: ಮನಸ್ಸಿಗೆ ನಿಲ್ಲಬೇಕೆನಿಸಿದಾಗ ಕಾಲು ನಿಲ್ಲಲು ಬಿಡುವುದಿಲ್ಲ.

ಒಮ್ಮೆ ಹಿರಿಯರೊಬ್ಬರನ್ನು ಕೇಳಿದೆ: ‘ಕಾಕಾ, ಸತ್ತವರ ಹಾಡಿಗೆ ಕುಣಿಯೂದಂದ್ರ ಹೆಂಗ?’ ಅವರು ಅಂದರು: ‘ಕುಂತು ಅತ್ತರ ಒಬ್ಬನs ಅಳಬೇಕು ತಮ್ಮಾ. ಹೆಜ್ಜಿ ಹಾಕಿದರ ಊರೆಲ್ಲ ಅಳತೈತಿ.’ ಡೌಲೆಂಡ್‌ನ ಪುಸ್ತಕದ ಬಗ್ಗೆ ನಾನು ಓದಿದ ವಿಮರ್ಶೆಗಳಲ್ಲಿ ಇಷ್ಟು ನೇರವಾದ ವಿವರಣೆ ಸಿಕ್ಕಿರಲಿಲ್ಲ. ಒಂಟಿ ಅಳುವಿಗೆ ತಾಳ ಬೇಕಿಲ್ಲ. ಐದಾರು ಮಂದಿ ಮೇಜಿನ ಸುತ್ತ ಕೂತು ಒಂದೇ ಕಣ್ಣೀರನ್ನು ನುಡಿಸಬೇಕಾದರೆ, ಐವತ್ತು ಮಂದಿ ಬೆಂಕಿಯ ಸುತ್ತ ಒಂದೇ ಸಾವನ್ನು ನೆನೆಯಬೇಕಾದರೆ, ಎಲ್ಲರಿಗೂ ಸೇರಿದ ಒಂದು ಲೆಕ್ಕ ಬೇಕು. ಹೆಜ್ಜೆ ಆ ಲೆಕ್ಕ.

*

ಹೆಜ್ಜೆಗೆ ಸಂಗೀತ ಕೊಟ್ಟವರ ಕಥೆ ಎರಡೂ ಕಡೆ ಕಹಿಯಾದದ್ದು. ಇಂಗ್ಲೆಂಡಿನ 1572ರ ಕಾಯ್ದೆಯ ಪ್ರಕಾರ, ಯಾವ ಶ್ರೀಮಂತನ ಆಶ್ರಯವೂ ಇಲ್ಲದೆ ತಿರುಗುವ ವಾದ್ಯಗಾರರು, ನಾಟಕದವರು, ಕರಡಿ ಆಡಿಸುವವರು ಎಲ್ಲರೂ ಅಲೆಮಾರಿ ಪೋಕರಿಗಳು. ಸಿಕ್ಕಿಬಿದ್ದರೆ ಚಾಟಿಯೇಟು, ಕಿವಿಗೆ ಕಾದ ಕಬ್ಬಿಣದಿಂದ ತೂತು. ಮದುವೆಗೆ, ಜಾತ್ರೆಗೆ, ಹೆಂಡದಂಗಡಿಗೆ ಇವರೇ ಬೇಕು. ದಾರಿಯಲ್ಲಿ ಕಂಡರೆ ಇವರೇ ಅಪರಾಧಿಗಳು. ಇದರಿಂದ ತಪ್ಪಿಸಿಕೊಳ್ಳಲು ಒಂದೇ ದಾರಿ, ಯಾರದಾದರೂ ಸಮವಸ್ತ್ರ ತೊಡುವುದು. ಲಂಡನ್ ನಗರಸಭೆಯ ಸಂಬಳದಲ್ಲಿದ್ದ ವಾದ್ಯಗಾರರಿಗೆ ವೇಟ್ಸ್ ಎಂದು ಹೆಸರು. ಮೋರ್ಲಿ ತನ್ನ 1599ರ ಸಂಕಲನವನ್ನು ಲಂಡನ್ನಿನ ಮೇಯರ್‌ಗೆ ಅರ್ಪಿಸಿ, ಆ ವೇಟ್ಸ್‌ಗಳ ಕೈಗೆ ಇದು ಸೇರಲಿ ಎಂದು ಕೋರಿದ. ಅಚ್ಚಿನ ಪುಸ್ತಕದಲ್ಲಿ ಹೆಸರು ಬಂದದ್ದು ಕಟ್ಟಿದವರದು, ಕೂಡಿಸಿದವರದು, ಅರ್ಪಣೆ ಪಡೆದವರದು. ಊರೂರು ತಿರುಗಿ ಆ ಧಾಟಿಗಳನ್ನು ಜನರ ಕಾಲಿಗೆ ಕಲಿಸಿದವರ ಹೆಸರು ಅದರಲ್ಲಿ ಬರಲಿಲ್ಲ.

ನಮ್ಮಲ್ಲಿ ಸನಾದಿ ನುಡಿಸುವುದು ಬಹುತೇಕ ಕೊರವ, ಭಜಂತ್ರಿ ಎಂದು ಕರೆಸಿಕೊಳ್ಳುವ ಸಮುದಾಯದ ಪಾಲಿಗೆ ಬಂದ ಕೆಲಸ. ಹಲಗಿ ಬಹುತೇಕ ಮಾದಿಗರದು. ಬ್ರಿಟಿಷ್ ಸರ್ಕಾರ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತು. 1911ರ ಹೊಸ ಕಾಯ್ದೆಯ ನಂತರ ಅದು ದೇಶಕ್ಕೆಲ್ಲ ಹರಡಿ, ಕೊರವ ಎಂಬ ಹೆಸರಿನ ಹಲವು ಗುಂಪುಗಳನ್ನೂ ಪಟ್ಟಿಗೆ ಸೇರಿಸಿಕೊಂಡಿತು. ಆ ಪಟ್ಟಿಯ ಸಮುದಾಯಗಳಿಗೆ ಬಿಡುಗಡೆ ಸಿಕ್ಕಿದ್ದು 1952ರ ಆಗಸ್ಟ್ 31ರಂದು. ಇಂಗ್ಲೆಂಡ್ ತನ್ನ ನೆಲದಲ್ಲಿ ಅಲೆಮಾರಿ ವಾದ್ಯಗಾರನನ್ನು ನೋಡಿದ ಕಣ್ಣೇ ಮೂರು ಶತಮಾನದ ಮೇಲೆ ಇಲ್ಲಿಯ ಅಲೆಮಾರಿಗಳನ್ನು ನೋಡಿತು. ಆದರೆ ತಪ್ಪನ್ನೆಲ್ಲ ಅವರ ಮೇಲೆ ಹಾಕಿ ಕೈ ತೊಳೆದುಕೊಳ್ಳಲು ಬರುವುದಿಲ್ಲ. ಮದುವೆಯಲ್ಲಿ ಬಾಜಾದವರಿಗೆ ಕೊನೆಯ ಪಂಕ್ತಿ, ಬೇರೆ ಜಾಗ ಎಂಬ ಕಟ್ಟಳೆಯನ್ನು ಬ್ರಿಟಿಷರು ಮಾಡಿದ್ದಲ್ಲ.

ದೇವರ ಹಿಪ್ಪರಗಿ ಮಡಿವಾಳ ಮಾಚಯ್ಯನ ಊರು. ಬಟ್ಟೆ ಒಗೆಯುವವನು ತನ್ನ ಕಾಯಕದ ಬಲದಿಂದಲೇ ದೊರೆಯ ಎದುರು ತಲೆಯೆತ್ತಿ ನಿಂತ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು. ವಚನಕಾರರಲ್ಲಿ ಢಕ್ಕೆಯ ಬೊಮ್ಮಣ್ಣ ಎಂಬವನಿದ್ದ. ಢಕ್ಕೆ ಬಾರಿಸುವುದೇ ಅವನ ಕಾಯಕ. ಇಂಥ ಪರಂಪರೆಯ ನೆಲದಲ್ಲಿ ವಾದ್ಯ ಬಡಿಯುವ ಕೈಯನ್ನು ಕೀಳೆಂದು ನೋಡುವುದು ಹೇಗೆ ಉಳಿಯಿತು ಎಂಬ ಪ್ರಶ್ನೆಯನ್ನು ಸಂಗೀತದ ವಿಮರ್ಶೆಯೂ ಕೇಳಬೇಕು. ಏಕೆಂದರೆ ಕಾಲು ಕೆಳಗೆ, ಕಿವಿ ಮೇಲೆ ಎಂಬ ಏಣಿ ಸೌಂದರ್ಯಶಾಸ್ತ್ರದ್ದು ಎಂದು ಕಾಣುತ್ತದೆ. ಅದರ ಮರ ಮಾತ್ರ ಜಾತಿಯದು.

*

ಕೊನೆಗೆ ಕಾಗದದ ಮಾತು. ಕಾಗದದ ಮೇಲೆ ಏನನ್ನು ಉಳಿಸಿಕೊಳ್ಳುತ್ತೇವೆ ಎಂಬುದು ಮುಂದೆ ಯಾವುದನ್ನು ಕಲೆ ಎನ್ನುತ್ತೇವೆ ಎಂಬುದನ್ನೂ ತೀರ್ಮಾನಿಸುತ್ತದೆ.

ಇಂಗ್ಲಿಷರ ಕುಣಿತದ ಸ್ವರಗಳು ಉಳಿದವು, ಅಚ್ಚಾಗಿದ್ದರಿಂದ. ಹೆಜ್ಜೆಗಳು ಬೇರೆ ಕಡೆ ಉಳಿದವು. ಲಂಡನ್ನಿನಲ್ಲಿ ಕಾನೂನು ಓದುವ ಹುಡುಗರು ವಿಧಿಪೂರ್ವಕ ಕುಣಿಯಬೇಕಿದ್ದ ಕೆಲವು ಕುಣಿತಗಳನ್ನು ಅವರೇ ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟುಕೊಂಡಿದ್ದಾರೆ: ಎರಡು ಒಂಟಿ ಹೆಜ್ಜೆ, ಒಂದು ಜೋಡಿ ಹೆಜ್ಜೆ ಮುಂದೆ, ಒಂದು ಹಿಂದೆ, ಹೀಗೆ. ಅಲ್ಲಿ ಹೆಜ್ಜೆ ಇದೆ, ಸ್ವರ ಇಲ್ಲ. ಹೋಲ್‌ಬೋರ್ನ್‌ನಲ್ಲಿ ಸ್ವರ ಇದೆ, ಹೆಜ್ಜೆ ಇಲ್ಲ. ಇಂದು ಆ ಕುಣಿತವನ್ನು ಮತ್ತೆ ಕಟ್ಟುವವರು ಎರಡು ಕಾಗದಗಳನ್ನು ಜೋಡಿಸಿ ಊಹಿಸಬೇಕು. ಎರಡನ್ನೂ ಒಂದೇ ಪುಟದಲ್ಲಿ ಇಟ್ಟವನು ಫ್ರಾನ್ಸಿನ ಒಬ್ಬ ವಯಸ್ಸಾದ ಪಾದ್ರಿ. ಥ್ವಾನೊ ಆರ್ಬೋ ಎಂಬ ಹೆಸರಿನಲ್ಲಿ 1589ರಲ್ಲಿ ಅವನು ತಂದ ‘ಆರ್ಕೆಸೋಗ್ರಫಿ’ಯಲ್ಲಿ ಸ್ವರಗಳು ಮೇಲಿಂದ ಕೆಳಕ್ಕೆ ಇವೆ, ಪ್ರತಿ ಸ್ವರದ ಪಕ್ಕದಲ್ಲಿ ಆ ಹೊತ್ತಿಗೆ ಯಾವ ಕಾಲು ಎಲ್ಲಿರಬೇಕೆಂದು ಬರೆದಿದೆ.

ವಿಜಯಪುರದಲ್ಲಿ ಇನ್ನೊಂದು ಬಗೆ. ಇಬ್ರಾಹಿಂನ ‘ಕಿತಾಬ್-ಎ-ನವರಸ್’ ದಖನಿ ಭಾಷೆಯ 59 ಹಾಡು ಮತ್ತು 17 ದ್ವಿಪದಿಗಳ ಪುಸ್ತಕ. ಸರಸ್ವತಿ, ಗಣಪತಿ, ತನ್ನ ಪ್ರೀತಿಯ ತಂಬೂರ ಮೋತಿಖಾನ್, ಎಲ್ಲರ ಮೇಲೂ ಪದ ಕಟ್ಟಿದ್ದಾನೆ. ಹಾಡಿನ ಜೊತೆ ರಾಗದ ಹೆಸರಿದೆ, ಸ್ವರ ಇಲ್ಲ. 1603-04ರಲ್ಲಿ ವಿಜಯಪುರಕ್ಕೆ ಬಂದ ಮೊಗಲ್ ದೂತ ಅಸದ್ ಬೇಗ್, ಸುಲ್ತಾನ ಸಂಗೀತದಲ್ಲಿ ಮುಳುಗಿ ಕೇಳಿದ ಮಾತಿಗೆ ಉತ್ತರ ಕೊಡದ ಸ್ಥಿತಿಯಲ್ಲಿದ್ದನೆಂದು ಬರೆದ. ‘ಲಾಕ್ರಿಮೆ’ ಅಚ್ಚಾಗುತ್ತಿದ್ದ ಹೊತ್ತು ಅದು. ಆ ಲಂಡನ್ ಸಂಗೀತವನ್ನು ಈಗಲೂ ನುಡಿಸಬಹುದು. ಈ ಸುಲ್ತಾನ ಮೈಮರೆತ ಸಂಗೀತವನ್ನು ಆಗುವುದಿಲ್ಲ. 1624ರಲ್ಲಿ ಮಲಿಕ್ ಅಂಬರನ ಸೈನ್ಯ ನವರಸಪುರವನ್ನೂ ಹಾಳುಗೆಡವಿತು. ಉಳಿದದ್ದು ಸಾಹಿತ್ಯ.

ಕನ್ನಡದ ಜನಪದ ಅಧ್ಯಯನ ಬಹುಮಟ್ಟಿಗೆ ಈ ಸುಲ್ತಾನನ ದಾರಿಯನ್ನೇ ಹಿಡಿಯಿತು. ಇಂಡಿ ಸೀಮೆಯ ಹಲಸಂಗಿ ಗೆಳೆಯರು ‘ಗರತಿಯ ಹಾಡು’, ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ಗಳನ್ನು 1930ರ ದಶಕದ ಮೊದಲರ್ಧದಲ್ಲಿ ತಂದಾಗ ಮಾಡಿದ ಕೆಲಸ ದೊಡ್ಡದು. ಅವರಿಲ್ಲದಿದ್ದರೆ ಆ ಪದಗಳಲ್ಲಿ ಎಷ್ಟೋ ಮಣ್ಣುಪಾಲಾಗುತ್ತಿದ್ದವು. ಆಗ ಅವರ ಕೈಯಲ್ಲಿದ್ದದ್ದು ಕಾಗದ, ಪೆನ್ಸಿಲ್ಲು. ಇಂದು ಪ್ರತಿಯೊಬ್ಬ ಸಂಶೋಧಕನ ಜೇಬಿನಲ್ಲಿ ವಿಡಿಯೊ ತೆಗೆಯುವ ಫೋನ್ ಇದೆ. ಆದರೂ ನಮ್ಮ ಪ್ರಬಂಧಗಳ ಅನುಬಂಧದಲ್ಲಿ ಬರುವುದು ಪದದ ಸಾಹಿತ್ಯ ಮಾತ್ರ. ಬೀಸುವ ಪದದಲ್ಲಿ ಕಲ್ಲಿನ ಸುತ್ತು ಇಲ್ಲ, ಮೊಹರಂ ಪದದಲ್ಲಿ ಹಲಗಿಯ ಪೆಟ್ಟು ಇಲ್ಲ. ಹಾಡುಗಾರನ ಹೆಸರು ಒಮ್ಮೊಮ್ಮೆ ಇರುತ್ತದೆ, ಹಲಗಿಯವನ ಹೆಸರು ಇರುವುದು ಅಪರೂಪ. ಹೀಗೆ ಸಂಗ್ರಹವಾದ ಪದವನ್ನು ಕಾವ್ಯವೆಂದು ಓದಿ, ಇಲ್ಲಿ ಪುನರಾವರ್ತನೆ ಜಾಸ್ತಿ, ಅಲ್ಲಿ ಸಾಲು ಅರ್ಧಕ್ಕೆ ನಿಂತಿದೆ ಎಂದು ವಿಮರ್ಶೆ ಮಾಡುತ್ತೇವೆ. ಸಾಲು ಅರ್ಧಕ್ಕೆ ನಿಂತದ್ದಲ್ಲ. ಉಳಿದರ್ಧವನ್ನು ಕಾಲು ತುಂಬಿತ್ತು. ಒಂದೇ ಸಾಲು ಎರಡೆರಡು ಸಲ ಬರುವುದು ಮೋರ್ಲಿಯ ಪವಾನ್‌ನಲ್ಲಿ ಪ್ರತಿ ಭಾಗ ಎರಡು ಸಲ ಬರುವ ಕಾರಣಕ್ಕೇ: ಮೊದಲ ಸಲ ಎಡಕ್ಕೆ ಹೋದವರು ಎರಡನೇ ಸಲ ಬಲಕ್ಕೆ ಬರಬೇಕು.

ಅದಕ್ಕೆ ನನ್ನ ಪ್ರಬಂಧದ ಅನುಬಂಧದಲ್ಲಿ ಪ್ರತಿ ಪದಕ್ಕೂ ಮೂರು ಅಂಕಣ ಮಾಡಿಕೊಂಡಿದ್ದೇನೆ: ಪದ, ಪೆಟ್ಟು, ಹೆಜ್ಜೆ. ಆರ್ಬೋನ ಪುಟದ ಹಾಗೆ ಮೇಲಿಂದ ಕೆಳಕ್ಕೆ. ಮೊದಲ ಅಂಕಣ ಒಂದು ಸಂಜೆಗೆ ತುಂಬುತ್ತದೆ. ಎರಡನೆಯದಕ್ಕೆ ಹಲಗಿಯವರ ಮನೆಗೆ ಹೋಗಿ ಕೂರಬೇಕು, ಬಾಯಲ್ಲಿ ಬೋಲು ಹೇಳಿಸಿಕೊಂಡು ಕೈಯಲ್ಲಿ ಕಲಿಯಬೇಕು. ಮೂರನೆಯದು ನೋಡಿ ಬರೆದರೆ ಸಾಲದು, ವರ್ತುಲದೊಳಗೆ ನಿಂತು ಹಾಕಿ ನೋಡಬೇಕು. ಕೆಲಸ ನಿಧಾನ, ಪುಟ ಜಾಸ್ತಿ. ಅಂಕಣಗಳ ಕೆಳಗೆ ನಾಲ್ಕನೆಯ ಒಂದು ಸಾಲೂ ಇದೆ, ಒಪ್ಪಿಗೆ ಕೇಳಿಯೇ ಬರೆಯುವಂಥದು: ಅವತ್ತು ಹಲಗಿ ಬಡಿದವರ ಹೆಸರು.